ಎಡಗಡೆಯ ಬೀಡಿಂಗ್

“ಇಡೀ ಗಾಡಿ ಬಿಚ್ಚಿ ಹಾಕಿ, ನನ್ನದೇನೂ ಅಡ್ಡಿಯಿಲ್ಲ. ಎಡಗಡೆ ಬಾಗಿಲಿನ ಮೇಲೆ ಅಡ್ಡಕ್ಕೆ ಕೂರಿಸಿರೋ ಬೀಡಿಂಗ್ ಪಟ್ಟಿ ಮಾತ್ರ ನೇರ ಮಾಡ್ಬೇಡಿ” ಎಂದಳು ಸತ್ತ ಟಿಂಕರನ ಹೆಂಡತಿ. ಶಾಲನ್ನು ಮೂಗಿನವರೆಗೂ ಎಳೆದುಕೊಂಡಿದ್ದಳು. ಮಾತು ಬಾಯಿಯ ಒಂದೇ ಕಡೆಯಿಂದ ಸೋರಿ ಬರುತ್ತಿತ್ತು.

“ಯಾಕಮ್ಮ?” ಎಂದ ಗಾಡಿ ಕೊಳ್ಳಲು ಬಂದಿದ್ದ ಮೆಕ್ಯಾನಿಕ್ಕು.

“ಈ ಗಾಡಿ ಒಬ್ಬ ಹುಡುಗಿ ಮುಖ ಉಜ್ಕೊಂಡು ಹೋಗಿತ್ತು. ಪಟ್ಟಿ ಸೊಟ್ಟಗಾಗಿದ್ದು ಆಗಲೇ. ಓಡಿಸ್ತಿದ್ದವನು ನಿಲ್ಲಿಸ್ಲೂ ಇಲ್ಲ. ಅವಳ ತಾಯಿ ಮಾಟ ಮಾಡಿಸಿದ್ಲು. ಇದನ್ನ ನೇರ ಮಾಡಿದವನ ಮನೇಲಿ ಒಂದು ಮುಖ ಸೊಟ್ಟಗಾಗುತ್ತೆ.”

“ಹಾಗಾದ್ರೆ ಬಂಪರ್ ನೇರ ಮಾಡ್ತೀನಿ ಬಿಡಿ. ನನ್ನ ಸೊಂಟ ಹಿಡ್ಕೊಂಡಿದೆ, ಅದಾದ್ರೂ ಸರಿಹೋಗ್ಲಿ” ಎಂದು ನಕ್ಕು ಅವನು ಆ ಹಳೆಯ ಪಿಕಪ್ಪನ್ನು ತನ್ನ ಶೆಡ್ಡಿಗೆ ಎಳೆಸಿಕೊಂಡು ಬಂದ.

ಗೆಳೆಯರು ಅವನನ್ನು ಕರೆಯುತ್ತಿದ್ದುದೇ ರಸಮಟ್ಟ ಎಂದು. ಗಾರೆಯವರು ಗೋಡೆಯ ಮಟ್ಟ ನೋಡಲು ಇಡುತ್ತಾರಲ್ಲ, ಅದು. ಸಾವಿನ ಮನೆಗೆ ಹೋದರೂ ಗೋಡೆಯ ಫೋಟೊ ಸರಿಮಾಡಿಯೇ ಕೂರುವ ಆಸಾಮಿ. ಅಂಥವನಿಗೆ ಸೊಟ್ಟಗೆ ಬಿಡು ಎಂದರೆ ಬಿಟ್ಟಾನೆಯೇ? ಬೇಡ ಎಂದ ಕೆಲಸವನ್ನೇ ಮೊದಲು ಹಿಡಿದ, ಅಷ್ಟೇ.

ಪಟ್ಟಿ ಕಿತ್ತಾಗ ಅದರ ಹಿಂದೆ ಕೂದಲು ಸುತ್ತಿದ ಕರಿದಾರದ ಗಂಟೊಂದು ಸಿಕ್ಕಿತು. ಸುಟ್ಟ ಉಗುರಿನ ವಾಸನೆ ಹೊಡೆಯಿತು. ಸ್ಕ್ರೂಡ್ರೈವರಿನ ತುದಿಯಿಂದ ಎತ್ತಿ ಮೂಲೆಗೆ ಎಸೆದ. ಹಳೆಯ ತೂತುಗಳನ್ನು ಮುಚ್ಚಿ, ಬಣ್ಣ ಹೊಡೆದು, ಪಟ್ಟಿ ಕೂರಿಸಲು ನೇರವಾಗಿ ಹೊಸ ಗೆರೆ ಹಾಕಿದ.

ಅಷ್ಟುದ್ದದ ಪಟ್ಟಿ ಒಬ್ಬನ ಕೈಗೆ ಬಗ್ಗುವುದಲ್ಲ. ಒಂದು ತುದಿಯನ್ನು ಹೆಂಡತಿ ಹಿಡಿದಳು. ಬಣ್ಣದ ಮೇಲೆ ಧೂಳು ಕೂರಬಾರದೆಂದು ಶಟರ್ ಎಳೆದಿದ್ದರು. ಒಂದೇ ಬಲ್ಬು, ಥಿನ್ನರಿನ ಘಾಟು. ಅವಳು ಶಿಳ್ಳೆ ಹೊಡೆಯುತ್ತ ನಿಂತಿದ್ದಳು. ಯಾವ ಕೆಲಸಕ್ಕೂ ಅವಳಿಗೆ ಶಿಳ್ಳೆ ಬೇಕು. ಆ ಶಿಳ್ಳೆಗೇ ಮರುಳಾಗಿ ಅವನು ಅವಳನ್ನು ಮದುವೆಯಾಗಿದ್ದ.

ಅವನು ಇನ್ನೊಂದು ತುದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಪಟ್ಟಿಯ ಉದ್ದಕ್ಕೂ ನೋಟ ಹಾಯಿಸಿದ.

“ಸ್ವಲ್ಪ ಮೇಲೆ.”

ಶಿಳ್ಳೆಯಲ್ಲಿ ಗಾಳಿ ಬೆರೆಯಿತು.

“ಇನ್ನೂ ಸ್ವಲ್ಪ.”

ಶಿಳ್ಳೆ ನಿಂತಿತು. ಬರೀ ಗಾಳಿ. ಮೂಲೆಯಿಂದ ಅದೇ ಸುಟ್ಟ ವಾಸನೆ ಎದ್ದಿತು.

“ರೀ... ಕೆನ್ನೆ ಯಾರೋ ಎಳೆದಂಗಾಗ್ತಿದೆ. ಬಿಡಲಾ?”

ಟಿಂಕರನ ಹೆಂಡತಿಯ ಮಾತು ಅವನಿಗೆ ನೆನಪಾಯಿತು. ಆಗಲೇ. ಇನ್ನೂ ಕಾಲ ಮಿಂಚಿರಲಿಲ್ಲ. ಆದರೆ ಗೆರೆ ಸೇರಲು ಕೂದಲೆಳೆಯಷ್ಟೇ ಬಾಕಿ ಇತ್ತು.

“ಅಲ್ಲಾಡ್ಬೇಡ ಮಾರಾಯ್ತಿ. ಮುಗೀತು.”

ಬಲ್ಬು ಮಿಣುಕಿತು. ಅವಳು ಏನೋ ಅಂದಳು. ಮಾತಾಗಲಿಲ್ಲ. ಅವನು ನೋಡಲಿಲ್ಲ. ಹೆಬ್ಬೆರಳಿನಿಂದ ಒತ್ತಿದ. ಕೊನೆಯ ಕ್ಲಿಪ್ಪು ಟಕ್ಕೆಂದು ಕೂತಿತು. ಪಟ್ಟಿ ನೇರ. ಕತ್ತಿಯಷ್ಟು ನೇರ. ಆಮೇಲೆ ತಲೆಯೆತ್ತಿದ.

ಅವಳ ಬಾಯಿ ಕಿವಿಯ ಕಡೆಗೆ ಜಾರಿತ್ತು. ಒಂದು ಕಣ್ಣು ಮುಚ್ಚುತ್ತಿರಲಿಲ್ಲ. ಅದರಿಂದ ನೀರು ಸುರಿಯುತ್ತಿತ್ತು. ಕೈ ಮಾತ್ರ ಇನ್ನೂ ಪಟ್ಟಿಯ ತುದಿಯನ್ನು ಬಿಟ್ಟಿರಲಿಲ್ಲ, ಪಾಪ.

ಅವನು ಪಟ್ಟಿ ಕಿತ್ತ. ಬಗ್ಗಿಸಿದ. ಕಾಲಲ್ಲಿ ತುಳಿದ. ಏನೂ ಬದಲಾಗಲಿಲ್ಲ. ಡಾಕ್ಟರು ನರ ಎಂದರು, ಮಾತ್ರೆ ಕೊಟ್ಟರು. ಅದೂ ನಾಟಲಿಲ್ಲ. ಕೊನೆಗೆ ಟಿಂಕರನ ಮನೆಗೆ ಓಡಿದ.

ಟಿಂಕರನ ಹೆಂಡತಿ ಈಗ ಶಾಲು ಹೊದ್ದಿರಲಿಲ್ಲ. ಲೋಟ ಕಚ್ಚಿ ನೀರು ಕುಡಿಯುತ್ತಿದ್ದಳು. ಒಂದು ಹನಿಯೂ ಚೆಲ್ಲಲಿಲ್ಲ. ನೆಟ್ಟಗಿನ, ಚೆಂದದ ಮುಖ.

“ನನ್ನ ಗಂಡ ನೇರ ಮಾಡಿದ ದಿನ ಆ ತುದಿ ಹಿಡಿದವಳು ನಾನು” ಎಂದಳು.

“ವಾಪಸ್ ತಗೊಳ್ಳೋದು ಹೇಗೆ, ಹೇಳಮ್ಮ. ನಿನ್ನ ಕಾಲಿಗೆ ಬೀಳ್ತೀನಿ.”

“ಅದು ಹಿಂದಕ್ಕೆ ಬರಲ್ಲ. ಮುಂದಕ್ಕೆ ಹೋಗುತ್ತೆ. ಸೊಟ್ಟಗೆ ಕೂರಿಸಿ ಇನ್ನೊಬ್ಬರಿಗೆ ಕೊಡ್ಬೇಕು. ಕೊಡುವಾಗ ಬೇಡ ಅಂತ ಹೇಳ್ಲೇಬೇಕು. ಹೇಳಿದ ಮೇಲೂ ಮಾಡಿದ್ರೇನೇ ಅದು ಕೈ ಬದಲಾಗೋದು. ಎಷ್ಟೋ ಜನ ನನ್ನ ಮಾತು ಕೇಳಿ ಗಾಡಿ ಬಿಟ್ಟು ಹೋದ್ರು. ನೀವು ನಕ್ಕಿದ್ರಲ್ಲ, ಆಗಲೇ ನನಗೆ ಜೀವ ಬಂತು.”

ರಸಮಟ್ಟ ತನ್ನ ಕೈಯಾರೆ ಪಟ್ಟಿಯನ್ನು ಸೊಟ್ಟಗೆ ಕೂರಿಸಿದ. ಮೂಲೆಗೆಸೆದ ಗಂಟು ತಾನಾಗಿಯೇ ಬಾಗಿಲಿಗೆ ಬಂದು ಅಂಟಿಕೊಂಡಿತ್ತು. ಅದರಲ್ಲೀಗ ಅವನ ಹೆಂಡತಿಯ ಕೂದಲಿತ್ತು.

ಗಾಡಿ ನೋಡಲು ಒಬ್ಬ ಬಂದ. ಜೊತೆಗೆ ಹೊಸದಾಗಿ ಮದುವೆಯಾದ ಹೆಂಡತಿ. ಎಲ್ಲದಕ್ಕೂ ನಗುವ ಹುಡುಗಿ. ನಕ್ಕರೆ ಕೆನ್ನೆಯಲ್ಲಿ ಗುಳಿ.

“ಈ ಪಟ್ಟಿ ನೇರ ಮಾಡ್ಬೇಡಿ” ಎಂದ ರಸಮಟ್ಟ, ನೆಲ ನೋಡುತ್ತ. “ಮಾಡಿದವನ ಮನೇಲಿ ಒಂದು ಮುಖ ಸೊಟ್ಟಗಾಗುತ್ತೆ. ಮಾಟ.”

ಬಂದವನು ಗಹಗಹಿಸಿ ನಕ್ಕ. “ಇದೇನು ದೊಡ್ಡ ಕೆಲಸ ಸಾರ್, ಒಂದು ಮಧ್ಯಾಹ್ನದ್ದು.”

“ಈ ತುದಿ ನಾನು ಹಿಡ್ಕೋತೀನಿ” ಎಂದಳು ಹುಡುಗಿ.

ತುದಿ ಹಿಡಿಯಬೇಡ ತಾಯಿ. ಅಷ್ಟು ಹೇಳಿದರೆ ಸಾಕಿತ್ತು. ಒಳಗಿನ ಕೋಣೆಯಲ್ಲಿ ಹೆಂಡತಿ ಶಿಳ್ಳೆಗೆ ಪ್ರಯತ್ನಿಸುತ್ತಿದ್ದಳು. ಬರೀ ಗಾಳಿ ಬರುತ್ತಿತ್ತು.

ರಸಮಟ್ಟ ಕೀಲಿ ಕೊಟ್ಟ. ಒಳಗೆ ಹೋಗಿ ಅವಳ ಪಕ್ಕ ಕೂತು, ಶಿಳ್ಳೆ ಬರುವುದನ್ನೇ ಕಾಯತೊಡಗಿದ.