ಕೋಡ್ ಕೈಬಿಟ್ಟ ಸಾಲುಗಳು

ಸೋಮವಾರ ಬೆಳಗ್ಗೆ ಹತ್ತೂವರೆಗೆ ಒಬ್ಬ ತಾಯಿ ಠಾಣೆಗೆ ಬಂದು ಲಿಖಿತ ದೂರು ಕೊಟ್ಟಳು. ಐದನೇ ತರಗತಿಯ ಮಗಳಿಗೆ ಶಾಲೆಯಲ್ಲಿ ಉಸಿರು ಕಟ್ಟುತ್ತಿತ್ತು. ಶಾಲೆಯ ಎದುರಿಗೇ ಕಬ್ಬಿಣ ಕರಗಿಸುವ ಕಾರ್ಖಾನೆ. ಆದರೂ ಶಾಲೆಯ ತಾರಸಿಯಲ್ಲಿ ಪರಿಸರ ಇಲಾಖೆ ಇಟ್ಟಿದ್ದ, ದೂಳು ಅಳೆಯುವ ಯಂತ್ರ ಗಾಳಿ ಶುದ್ಧವೆಂದೇ ತೋರಿಸುತ್ತಿತ್ತು. ಹುಡುಗಿ ನಾಟಕವಾಡುತ್ತಾಳೆಂದು ಹೆಡ್‌ಮಾಸ್ಟರು ಇಡೀ ತರಗತಿಯ ಮುಂದೆ ಅಂದುಬಿಟ್ಟಿದ್ದರು.

"ಆ ಯಂತ್ರಕ್ಕೆ ಯಾರೋ ಏನೋ ಮಾಡ್ತಿದ್ದಾರೆ ಸಾರ್. ಈಗ ಉಸಿರು ಕಟ್ಟಿದ್ರೂ ಅವಳು ಬಾಯಿ ಬಿಡಲ್ಲ. ಸುಳ್ಳಿ ಅಂತಾರೆ ಅಂತ ಹೆದರ್ತಾಳೆ."

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಅನುಮಾನ ಕಾರ್ಖಾನೆಯ ಮಾಲೀಕನ ಮೇಲೇ ಇತ್ತು. ಇಲಾಖೆಯಿಂದ ಒಂದು ವರ್ಷದ ಅಂಕಿಅಂಶ ತರಿಸಿದರೆ ಬಂದದ್ದು ರಾಶಿ ರಾಶಿ ಸಂಖ್ಯೆ. ನೋಡಿಯೇ ಅವರಿಗೆ ತಲೆ ಗಿರ್ರೆಂದಿತು.

ಠಾಣೆಯವರೆಲ್ಲ 'ಲೆಕ್ಕದಮ್ಮ' ಎಂದು ಕರೆಯುವ ಮಹಿಳಾ ಪೇದೆ ಕುರ್ಚಿ ಎಳೆದುಕೊಂಡು ಕೂತಳು. ಬೇಕಾದ್ದನ್ನು ಎಐಗೆ ನಮ್ಮ ನಿಮ್ಮ ಮಾತಿನಲ್ಲೇ ಟೈಪ್ ಮಾಡಿದಳು. ಕಾಫಿ ಆರುವಷ್ಟರಲ್ಲಿ ಅದು ಕೋಡ್ ಬರೆದುಕೊಟ್ಟಿತು. ಕೋಡ್ ಓಡಿತು, ನಕ್ಷೆ ಬಂತು. ತಿಂಗಳ ಸರಾಸರಿ ವರ್ಷಪೂರ್ತಿ ಹಸಿರೋ ಹಸಿರು, ಅಂದರೆ ಗಾಳಿ ಶುದ್ಧ.

"ನಿಮ್ಮ ಎಐನೂ ಮಾಲೀಕನ ಉಪ್ಪು ತಿಂದಿದೆ ಬಿಡಿ," ಎಂದರು ಇನ್‌ಸ್ಪೆಕ್ಟರ್.

ಅವಳು ನಗಲಿಲ್ಲ. ಸಾಕ್ಷಿಯ ಹೇಳಿಕೆ ಓದುವಂತೆ ಕೋಡನ್ನು ಸಾಲು ಸಾಲಾಗಿ ಓದಿದಳು. ನಡುವೆ ಎಐ ತಾನೇ ಒಂದು ಟಿಪ್ಪಣಿ ಬರೆದಿತ್ತು: ತೇವಾಂಶ ವಿಪರೀತವಿರುವ ಗಂಟೆಗಳಲ್ಲಿ ಅಳತೆ ತಪ್ಪುವುದುಂಟು, ಆ ಗಂಟೆಗಳ ಅಂಕಿಯ ಸಾಲುಗಳನ್ನು ಕೈಬಿಟ್ಟಿದ್ದೇನೆ, ಒಮ್ಮೆ ಪರಿಶೀಲಿಸಿ.

"ಸಾರ್, ಕಳ್ಳತನ ಆದ ಮನೇಲಿ ಕಸದ ಬುಟ್ಟೀನೂ ನೋಡ್ತೀವಲ್ಲ? ಇದು ಬಿಸಾಕಿದ್ದನ್ನೂ ನೋಡೋಣ."

ಕೈಬಿಟ್ಟ ಸಾಲುಗಳನ್ನು ಉಳಿದವುಗಳ ಪಕ್ಕದಲ್ಲಿಟ್ಟು ದಿನ, ಗಂಟೆ ಪ್ರಕಾರ ಜೋಡಿಸುವ ಕೋಡ್ ಕೇಳಿದಳು. ಅದೂ ಬಂತು. ಕುಲುಮೆ ಉರಿಯುವ ಹೊತ್ತಿಗೆ ಸರಿಯಾಗಿ, ಸುಡುಬಿಸಿಲಲ್ಲೂ, ಯಂತ್ರದ ಸುತ್ತ ತೇವ ಏರುತ್ತಿತ್ತು, ದೂಳು ಇಳಿಯುತ್ತಿತ್ತು. ಶಾಲೆಯ ರಜೆಯಲ್ಲಿ ಹಾಗಿಲ್ಲ. ಶಾಲೆ ನಡೆದರೂ ಹಾಗಾಗದ ದಿನಗಳು ಬೆರಳೆಣಿಕೆಯಷ್ಟು. ಆ ದಿನಗಳಲ್ಲಿ ದೂಳು ಅಪಾಯದ ಕೆಂಪು ಗೆರೆ ದಾಟಿ ಮೇಲಕ್ಕೆ ಹೋಗಿತ್ತು. ಎರಡು ದಿನದ ಲೆಕ್ಕವನ್ನು ಲೆಕ್ಕದಮ್ಮ ಕೈಯಾರೆ ಹಾಕಿ ತಾಳೆ ನೋಡಿದಳು. ಸರಿಯಾಗಿತ್ತು.

ಇನ್‌ಸ್ಪೆಕ್ಟರಿಗೆ ಮನಸ್ಸು ತುಂಬಿ ಬಂತು. ತಾನು ಮಾಡಿದ್ದನ್ನು ಮುಚ್ಚಿಡದ ಆ ಎಐನ ಬುದ್ಧಿಯೂ ಮೆಚ್ಚುವಂಥದ್ದೇ, ಅದರ ಮಾತಿಗೆ ಸುಮ್ಮನೆ ತಲೆಯಾಡಿಸದ ಈ ಪೇದೆಯ ಬುದ್ಧಿಯೂ ಮೆಚ್ಚುವಂಥದ್ದೇ.

"ಈ ದಿನಗಳಲ್ಲಿ ಶಾಲೇಲಿ ಯಾರು ಇರಲಿಲ್ಲ?" ಅವರು ಶಾಲೆಯ ಜವಾನನನ್ನು ಠಾಣೆಗೆ ಕರೆಸಿ, ಆ ಬೆರಳೆಣಿಕೆ ದಿನಗಳ ಪಟ್ಟಿ ತೋರಿಸಿ ಕೇಳಿದರು.

"ಹೆಡ್‌ಮಾಸ್ಟರು ಸಾರ್. ಮೀಟಿಂಗಿಗೆ ಹೋಗಿದ್ರು."

"ತಾರಸಿ ಬೀಗದ ಕೈ?"

"ಅವರ ಹತ್ರಾನೇ."

ಗುರುವಾರ ಕುಲುಮೆಯ ಹೊಗೆ ಏಳುತ್ತಲೇ ಇನ್‌ಸ್ಪೆಕ್ಟರೂ ಲೆಕ್ಕದಮ್ಮನೂ ತಾರಸಿ ಹತ್ತಿದರು. ಹೆಡ್‌ಮಾಸ್ಟರು ಯಂತ್ರದ ಮೂತಿಗೆ ಒದ್ದೆ ಟವೆಲು ಸುತ್ತುತ್ತಿದ್ದರು. ಆ ಯಂತ್ರ ದೂಳಿನ ಜೊತೆ ತೇವವನ್ನೂ ಬರೆದಿಡುತ್ತದೆಂದು ಪಾಪ ಅವರಿಗೆ ಗೊತ್ತೇ ಇರಲಿಲ್ಲ. ಪಂಚರ ಎದುರು ಪಂಚನಾಮೆ ನಡೆಯಿತು, ಟವೆಲು ಜಪ್ತಿಯಾಯಿತು.

"ಕಾರ್ಖಾನೆಯವರು ಹೇಳಿದ್ರಾ?"

"ಅವರ ಮುಖಾನೂ ನೋಡಿಲ್ಲ. ಗಾಳಿ ಕೆಟ್ಟಿದೆ ಅಂತಾದ್ರೆ ಮೊದಲು ಮುಚ್ಚೋದು ಶಾಲೇನೇ ಸಾರ್, ಕಾರ್ಖಾನೆ ಅಲ್ಲ. ಆರು ಮಕ್ಕಳಿಂದ ಶುರು ಮಾಡಿದ ಶಾಲೆ ಇದು. ಮುಚ್ಚಿದ್ರೆ ಅರ್ಧ ಮಕ್ಕಳು ಓದೇ ಬಿಡ್ತಾರೆ."

"ಓದಬೇಕಾದ್ರೆ ಉಸಿರಾಡಬೇಕಲ್ಲ ಮೇಷ್ಟ್ರೇ?"

ಹೆಡ್‌ಮಾಸ್ಟರು ಮೆಟ್ಟಿಲ ಕಡೆ ತಿರುಗಿದರು. ಕೆಳಗಿಳಿಯುವಾಗ, ಜೀಪು ಹತ್ತುವ ಮೊದಲು ಎರಡು ನಿಮಿಷ ಬೇಕೆಂದರು. ಇನ್‌ಸ್ಪೆಕ್ಟರ್ ಒಪ್ಪಿದರು. ಹೆಡ್‌ಮಾಸ್ಟರು ಐದನೇ ತರಗತಿಯ ಬಾಗಿಲಲ್ಲಿ ನಿಂತಾಗ ಅಭ್ಯಾಸದಂತೆ ಮಕ್ಕಳೆಲ್ಲ ಎದ್ದು ನಿಂತರು. ಕಿಟಕಿ ಪಕ್ಕದ ಹುಡುಗಿ ಏದುಸಿರನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದಳು.

"ಕೈ ತೆಗಿ ಮಗಾ," ಎಂದರು ಹೆಡ್‌ಮಾಸ್ಟರು. "ನೀನು ಹೇಳಿದ್ದು ನಿಜ. ಸುಳ್ಳು ಹೇಳಿದ್ದು ನಾನು."

ಹುಡುಗಿ ಕೈ ತೆಗೆದು, ಎಲ್ಲರಿಗೂ ಕೇಳುವಂತೆ ಕೆಮ್ಮಿದಳು.