ಬ್ಯಾಂಡೇಜು ಸುತ್ತಿದ ಮಂಚ

ಹುಲಿಗೇಶ್ ಮದುವೆಯ ಮಾತೆತ್ತಿ ಎಂಟು ತಿಂಗಳಾಗಿತ್ತು. ತುಳಸಿ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. "ಮನ್ಯಾಗ ಕೇಳಿ ಹೇಳ್ತೀನ್ರಿ" ಅಂದಿದ್ದಳು. ಅವಳ ಅವ್ವ ಇದ್ದದ್ದು ಕಂಪ್ಲಿಯಲ್ಲಿ, ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಎಂಟು ತಿಂಗಳಲ್ಲಿ ತುಳಸಿ ಎಷ್ಟು ಸಲ ಹೋಗಿ ಬಂದಳೋ ಲೆಕ್ಕವಿಲ್ಲ. ಕೇಳಿದ್ದು ಮಾತ್ರ ಒಮ್ಮೆಯೂ ಇಲ್ಲ.

ಅವಳು ನರ್ಸ್. ಮೆಟ್ರಿಯ ಆಚೆ, ಕಾಲುವೆ ಪಕ್ಕದ ಒಂದು ಊರಿನ ಸಣ್ಣ ಆರೋಗ್ಯ ಕೇಂದ್ರ. ಊರಿನ ಹೆಸರು ಇಲ್ಲಿ ಬೇಡ. ಅವನು ಆಂಬುಲೆನ್ಸ್ ಡ್ರೈವರ್. ಊರೆಲ್ಲ ಅವಳನ್ನು ಸಿಸ್ಟರ್ ಎಂದು ಕರೆದರೆ ಇವನೊಬ್ಬನೇ ಮೇಡಂ ಎನ್ನುತ್ತಿದ್ದ. ಯಾಕೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಆ ಶನಿವಾರ ಮಧ್ಯಾಹ್ನ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿಯ ಪೊಟ್ಟಣ ಹಿಡಿದು ಅವನು ಬಂದಾಗ ತುಳಸಿ ಹೆರಿಗೆ ಕೋಣೆಯಲ್ಲಿದ್ದಳು. ಮಂಚದ ಪಕ್ಕದ ಕಬ್ಬಿಣದ ಸರಳಿಗೆ ಹೊಸ ಬ್ಯಾಂಡೇಜು ಸುತ್ತುತ್ತಿದ್ದಳು.

"ಏನ್ರಿ ಮೇಡಂ, ಮಂಚದ್ದು ಕೈ ಮುರದೈತೇನು? ಯಾವಾಗ ಬಂದ್ರೂ ಪಟ್ಟಿ ಕಟ್ಟಾಕತ್ತಿರ್ತೀರಿ."

"ಪೇಷಂಟಿನ ಮೊಣಕೈ ತಾಗ್ತಾವ್ರಿ."

"ಹಂಗಾರ ಸರಿ ಬಿಡ್ರಿ." ಅವನು ನಕ್ಕ. ಆದರೆ ಆ ಬಟ್ಟೆಯನ್ನೇ ಸ್ವಲ್ಪ ಹೊತ್ತು ನೋಡುತ್ತ ನಿಂತ. ಅವನ ಮುಖದಲ್ಲಿ ಏನೋ ಬಂದು ಹೋದದ್ದು ತುಳಸಿಗೆ ಕಂಡಿತು. ಅವಳು ಕಣ್ಣು ತಗ್ಗಿಸಿದಳು, ಮತ್ತೆ ಎತ್ತಿದಾಗ ಅವನು ಅವಳನ್ನು ನೋಡುತ್ತಿದ್ದ.

"ಸೋಮವಾರದಿಂದ ನನ್ನ ಗಾಡಿ ಸಂಡೂರಿಗೆ ಹಾಕ್ಯಾರ್ರಿ."

ತುಳಸಿಯ ಕೈ ನಿಂತಿತು. "ಸಂಡೂರೇನ್ ಭಾಳ ದೂರ ಅಲ್ಲಲ್ರಿ."

"ದೂರ ಅಲ್ಲ. ಆದ್ರ ಇಲ್ಲಿಗೆ ಬರಾಕ ನೆಪ ಇರಂಗಿಲ್ಲ. ಇವತ್ತ ಒಂದ್ ಮಾತ್ ಹೇಳಿಬಿಡ್ರಿ. ಬ್ಯಾಡ ಅಂದ್ರೂ ನಡೀತೈತಿ. ಹೇಳ್ದ ಇರೋದು ಮಾತ್ರ ಬ್ಯಾಡ."

"ಅವ್ವನ್ನ ಕೇಳ್ಬೇಕ್ರಿ."

"ನಾನು ಕೇಳಿದ್ದು ನಿಮ್ಮನ್ನ."

ಬೇಕು ಎನ್ನುವ ಮಾತು ತುಳಸಿಯ ಬಾಯಲ್ಲೇ ಇತ್ತು. ಆದರೆ ಎರಡು ವರ್ಷಗಳಿಂದ ಅವಳು ಯಾವುದನ್ನೂ ತಾನೇ ನಿರ್ಧರಿಸಿರಲಿಲ್ಲ. ಜ್ವರದ ಮಾತ್ರೆ ಕೊಡಲಿಕ್ಕೂ ಡಾಕ್ಟರಿಗೆ ಫೋನು ಹಚ್ಚುತ್ತಿದ್ದಳು. ಸೀರೆ ಅಂಗಡಿಯಲ್ಲಿ ನಿಂತು ಅವ್ವನಿಗೆ ಫೋಟೋ ಕಳಿಸುತ್ತಿದ್ದಳು.

ಎರಡು ವರ್ಷದ ಹಿಂದೆ ಇದೇ ಮಂಚದ ಮೇಲೆ ಚಂದ್ರಕಲಾ ಎಂಬ ಬಾಣಂತಿ ಮಲಗಿದ್ದಳು. ಹೆರಿಗೆ ಸುಸೂತ್ರವಾಗಿತ್ತು, ರಕ್ತ ಮಾತ್ರ ನಿಲ್ಲಲಿಲ್ಲ. ನಿಲ್ಲಿಸುವ ಇಂಜೆಕ್ಷನ್ ತುಂಬಿಕೊಂಡು ತುಳಸಿ ಕೈಯಲ್ಲಿ ಹಿಡಿದೇ ಇದ್ದಳು. ಆಗಿದ್ದ ಡಾಕ್ಟರು, ತನ್ನನ್ನು ಕೇಳದೆ ಸೂಜಿ ಮುಟ್ಟಿದರೆ ಮನೆಗೆ ಕಳಿಸುತ್ತೇನೆ ಎಂದು ಕೆಲಸಕ್ಕೆ ಸೇರಿದ ದಿನವೇ ಗದರಿಸಿದ್ದರು. ಅವರು ಫೋನು ಎತ್ತಲಿಲ್ಲ. ತುಳಸಿ ಹನ್ನೊಂದು ನಿಮಿಷ ಕಾದಳು, ಆಮೇಲೆ ಕೊಟ್ಟದ್ದು ಕೆಲಸಕ್ಕೆ ಬರಲಿಲ್ಲ. ಬಸುರಿಗೆ ಮಾಡುವ ಕುಬಸದ ಶಾಸ್ತ್ರದಲ್ಲಿ ತೊಡಿಸಿದ ಹಸಿರು ಬಳೆಗಳು ಚಂದ್ರಕಲಾಳ ಕೈತುಂಬ ಇದ್ದವು. ಅವಳು ಹೊರಳಿದಾಗಲೆಲ್ಲ ಅವು ಸರಳಿಗೆ ತಾಗಿ ಸದ್ದು ಮಾಡುತ್ತಿದ್ದವು. ಆ ಸದ್ದು ನಿಧಾನವಾಗುತ್ತ ಬಂತು. ಆಂಬುಲೆನ್ಸ್ ಬಂದು, ಹೊಸಪೇಟೆಯ ದೊಡ್ಡಾಸ್ಪತ್ರೆಯ ದಾರಿ ಅರ್ಧ ಸವೆಯುವುದರೊಳಗೆ ಎಲ್ಲ ಮುಗಿದಿತ್ತು.

ಬಳೆಯ ಸದ್ದು ಮುಗಿಯಲಿಲ್ಲ. ಅಂದಿನಿಂದ ಖಾಲಿ ಕೋಣೆಯಲ್ಲಿ, ಮಟಮಟ ಮಧ್ಯಾಹ್ನದಲ್ಲಿ, ಅದು ತುಳಸಿಗೆ ಕೇಳುತ್ತಿತ್ತು. ಸರಳಿಗೆ ಬಟ್ಟೆ ಸುತ್ತಿದರೆ ನಿಂತೀತೆಂದು ಸುತ್ತಿದಳು. ನಿಲ್ಲಲಿಲ್ಲ. ಯಾರ ಹತ್ತಿರ ಹೇಳಿಕೊಳ್ಳುವುದು? ಅಂದು ಆ ಆಂಬುಲೆನ್ಸ್ ಓಡಿಸಿದವನು ಹುಲಿಗೇಶ್. ಅವನಿಗಂತೂ ಹೇಳುವ ಹಾಗಿರಲಿಲ್ಲ. ಸಿರಿಂಜು ಹಿಡಿದು ಸುಮ್ಮನೆ ನಿಂತವಳೆಂದು ಗೊತ್ತಾದರೆ ಅವನು ಮತ್ತೆ ಮೇಡಂ ಎಂದಾನೆಯೇ?

ಮಿರ್ಚಿ ಆರುವ ಮೊದಲೇ ಹೊರಗೆ ಆಟೋ ನಿಂತಿತು. ಕಬ್ಬಿನ ಗದ್ದೆಯ ಕೆಲಸಕ್ಕೆ ಬಂದಿದ್ದ ಜಂಬವ್ವ ತನ್ನ ಸೊಸೆಯನ್ನು ಇಳಿಸಿಕೊಂಡು ಕೂಗಿದಳು, "ಸಿಸ್ಟರ್, ಜಲ್ದಿ ಬರ್ರಿ, ಕೂಸಿನ ತಲಿ ಕಾಣಾಕತ್ತೈತಿ."

ಅರ್ಧ ಗಂಟೆಯಲ್ಲಿ ಹೆಣ್ಣು ಮಗು ಹುಟ್ಟಿತು, ಜೋರಾಗಿ ಅತ್ತಿತು. ಜಂಬವ್ವ ಮೊಮ್ಮಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಳು. ತುಳಸಿ ಬಾಣಂತಿಯ ಕಡೆ ತಿರುಗಿ ನೋಡಿದರೆ ಹಾಸಿದ ಬಟ್ಟೆ ಒದ್ದೆಯಾಗಿತ್ತು. ಮತ್ತೊಂದು ಹಾಸಿದಳು. ಅದೂ ಒದ್ದೆಯಾಯಿತು.

ಇಂಜೆಕ್ಷನ್ ತುಂಬುತ್ತಲೇ ಅವಳು ಫೋನು ಹಚ್ಚಿ ಕಿವಿಗೆ ಸಿಕ್ಕಿಸಿಕೊಂಡಳು. ಈಗಿನ ಡಾಕ್ಟರು ಶ್ರೀವಾಣಿ ಒಳ್ಳೆಯವರು. ಬಂದ ವಾರದಲ್ಲೇ ಗೋಡೆಗೆ ಕಾಗದ ಅಂಟಿಸಿದ್ದರು. ರಕ್ತ ನಿಲ್ಲದಿದ್ದರೆ ನರ್ಸ್ ಮೊದಲು ಔಷಧ ಕೊಡಬೇಕು, ಆಮೇಲೆ ಡಾಕ್ಟರಿಗೆ ತಿಳಿಸಬೇಕು ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಆ ಕಾಗದ ಕಣ್ಣೆದುರಿಗೇ ಇತ್ತು. ಆದರೂ ತುಳಸಿ ಫೋನು ಹಿಡಿದು ಕಾಯುತ್ತಿದ್ದಳು. ಹೊಸಪೇಟೆಯಲ್ಲಿ ಮೀಟಿಂಗಿಗೆ ಹೋಗಿದ್ದ ಶ್ರೀವಾಣಿ ಎತ್ತಲಿಲ್ಲ.

ಆಗ ಬಳೆಯ ಸದ್ದು ಬಂತು.

ತುಳಸಿ ಬಾಣಂತಿಯ ಕೈ ನೋಡಿದಳು. ಅದು ಎದೆಯ ಮೇಲೆ ಅಲುಗಾಡದೆ ಬಿದ್ದಿತ್ತು. ಸರಳಿಗೆ ದಪ್ಪ ಬ್ಯಾಂಡೇಜು ಇತ್ತು. ಆದರೂ ಗಾಜು ಕಬ್ಬಿಣಕ್ಕೆ ತಾಗುತ್ತಿತ್ತು, ಒಮ್ಮೆ, ಮತ್ತೊಮ್ಮೆ, ನಡುವಿನ ಬಿಡುವು ಉದ್ದವಾಗುತ್ತಿತ್ತು. ಅದು ಪೂರ್ತಿ ನಿಂತರೆ ಏನಾಗುತ್ತದೆಂದು ತುಳಸಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವಳು ಫೋನು ಕಟ್ ಮಾಡಿದಳು. ಇಂಜೆಕ್ಷನ್ ಕೊಟ್ಟಳು. ಸಲೈನ್ ಹಚ್ಚಿದಳು. ಗರ್ಭಕೋಶ ಗಟ್ಟಿಯಾಗಲೆಂದು ಹೊಟ್ಟೆ ಒತ್ತಿ ನೀವುತ್ತ ಬಾಗಿಲ ಕಡೆಗೆ ಕೂಗಿದಳು, "ಹುಲಿಗೇಶ್, ಹೊಸಪ್ಯಾಟಿಗೆ ಒಯ್ಯಬೇಕು. ಗಾಡಿ ತಿರುಗಿಸ್ರಿ."

"ಡಾಕ್ಟ್ರು ಹೇಳ್ಯಾರೇನ್ರಿ?"

"ನಾನು ಹೇಳಾಕತ್ತೀನಿ."

ಕಂಟ್ರೋಲ್ ರೂಮಿನಿಂದ ಕೇಸ್ ನಂಬರ್ ಬಾರದೆ ಗಾಡಿ ಕದಲಬಾರದೆಂಬ ನಿಯಮವಿತ್ತು. ಅವನು ಆ ಮಾತೇ ಎತ್ತಲಿಲ್ಲ, ಸ್ಟ್ರೆಚರ್ ಎಳೆದು ತಂದ.

ಕೂಸು ಹಿಡಿದ ಜಂಬವ್ವನನ್ನು ಮುಂದೆ ಕೂರಿಸಿ, ಗಾಡಿಯೊಳಗೆ ಹತ್ತಿ ಬಾಣಂತಿಯ ಪಕ್ಕ ಕುಳಿತಾಗ ತುಳಸಿ ಅದನ್ನು ಕಂಡಳು. ಸ್ಟ್ರೆಚರಿನ ಎಡಗಡೆಯ ಸರಳಿಗೆ ಖಾಕಿ ಬಟ್ಟೆ ಸುತ್ತಿತ್ತು. ಹಳೆಯ ಯೂನಿಫಾರ್ಮ್ ಹರಿದು ಬಿಗಿಯಾಗಿ ಹೊಲಿದದ್ದು, ಮಾಸಿ ಹೋಗಿತ್ತು. ಅಂದಿನ ನಂತರ ಅವಳು ಈ ಗಾಡಿ ಹತ್ತಿದ್ದು ಇದೇ ಮೊದಲು. ಹೊಸಪೇಟೆ ಬರುವವರೆಗೂ ಅವಳು ಬಾಣಂತಿಯ ನಾಡಿ ಬಿಡಲಿಲ್ಲ, ಆ ಬಟ್ಟೆಯಿಂದ ಕಣ್ಣನ್ನೂ ಪೂರ್ತಿ ಕೀಳಲಾಗಲಿಲ್ಲ.

ಬಾಣಂತಿ ಉಳಿದಳು. ಸುದ್ದಿ ತಿಳಿದು ಮೀಟಿಂಗಿನಿಂದ ಓಡಿಬಂದ ಶ್ರೀವಾಣಿ ಬಾಣಂತಿಯ ಚಿಕಿತ್ಸೆಯ ಚೀಟಿ ನೋಡಿ, "ಯಾರು ಹೇಳಿದ್ರು ತುಳಸಿ, ಇಂಜೆಕ್ಷನ್ ಕೊಡಿ ಅಂತ?" ಎಂದರು.

"ಯಾರೂ ಇಲ್ಲ ಮೇಡಂ. ನಾನ ಕೊಟ್ಟೆ."

"ಹಾಗಾದ್ರೆ ಹಾಗೇ ಬರೀರಿ. ನನ್ನ ಹೆಸರು ಹಾಕಬೇಡಿ."

ಚೀಟಿಯಲ್ಲಿ ಆದೇಶ ಕೊಟ್ಟವರು ಎಂಬ ಜಾಗವಿತ್ತು. ಎರಡು ವರ್ಷ ಅಲ್ಲಿ 'ಡಾಕ್ಟರರ ಫೋನ್ ಸೂಚನೆ' ಎಂದೇ ಬರೆದಿದ್ದ ತುಳಸಿ ಈಗ ತನ್ನ ಹೆಸರು ಬರೆದಳು.

ಸಂಜೆ ಖಾಲಿ ಗಾಡಿಯಲ್ಲಿ ಅವನ ಪಕ್ಕ ಕುಳಿತು ಹೊರಟಳು. ಕಮಲಾಪುರ ದಾಟಿ ಬಾಳೆ ತೋಟ, ಬಂಡೆಗುಡ್ಡ ಹಿಂದೆ ಸರಿದವು. ತುಳಸಿಯೇ ಮಾತು ತೆಗೆದಳು.

"ಸ್ಟ್ರೆಚರಿಗೆ ಬಟ್ಟಿ ಯಾಕ ಸುತ್ತೀರಿ?"

"ಪೇಷಂಟಿನ ಮೊಣಕೈ..." ಎಂದು ಶುರುಮಾಡಿ ಹುಲಿಗೇಶ್ ನಿಲ್ಲಿಸಿದ. ಅವಳ ಕಡೆ ನೋಡದೆ ಹೇಳಿದ, "ಅವತ್ತ ನೀವು ಫೋನ್ ಮಾಡಿದಾಗ ನಾನು ಕಂಪ್ಲ್ಯಾಗ ಗಾಡಿ ಚಾಲೂ ಇಟ್ಕಂಡು ಕುಂತಿದ್ದೆ. ನಂಬರ್ ಬರ್ಲಿ ಅಂತ ಒಂಬತ್ತು ನಿಮಿಷ ಕಾದೆ. ಲೇಟಾಗಿ ಬಂದೋನು ನಾನ. ಅದಕ್ಕ ನೀವು ನನಗ ಹೂಂ ಅನ್ನಾಕತ್ತಿಲ್ಲ ಅನ್ಕಂಡಿದ್ದೆ."

"ನಾನು ಹನ್ನೊಂದು ನಿಮಿಷ ಕಾದೆ. ಇಂಜೆಕ್ಷನ್ ಕೈಯಾಗ ಇತ್ತು."

ಅವನು ಗಾಡಿಯ ವೇಗ ತಗ್ಗಿಸಿದ. ತುಳಸಿ ಅಳುತ್ತಿದ್ದಳು. ಎರಡು ವರ್ಷ ಒಬ್ಬಳೇ ಹೊತ್ತದ್ದನ್ನು ಇಳಿಸುವಾಗ ಭಾರ ಇನ್ನೂ ಹೆಚ್ಚಾದಂತೆ ಅನ್ನಿಸಿತು.

"ಬಳಿ ಸದ್ದು ನಿಮಗೂ ಕೇಳಿಸ್ತೈತೇನ್ರಿ?" ಅವಳು ಕೇಳಿದಳು.

"ದಿನಾ."

"ಇವತ್ತ ಆಕೀನ ನನಗ ಎಚ್ಚರಿಸಿದ್ಳು ಅನ್ನಿಸ್ತು. ಇನ್ನ ನಿಲ್ತೈತಿ ಅನ್ಕಂಡಿದ್ದೆ."

ಅವಳ ಮಾತು ಮುಗಿಯುವಷ್ಟರಲ್ಲಿ ಹಿಂದೆ, ಖಾಲಿ ಸ್ಟ್ರೆಚರಿನ ಕಡೆಯಿಂದ, ಗಾಜು ಕಬ್ಬಿಣಕ್ಕೆ ತಾಗಿತು. ಇಬ್ಬರಿಗೂ ಕೇಳಿತು. ಇಬ್ಬರೂ ತಿರುಗಿ ನೋಡಲಿಲ್ಲ. ಗೇರಿನ ಮೇಲಿದ್ದ ಅವನ ಕೈ ಮೇಲೆ ತುಳಸಿ ತನ್ನ ಕೈ ಇಟ್ಟಳು. ಅವನ ಕೈ ತಣ್ಣಗಿತ್ತು.

"ಇರ್ಲಿ ಬಿಡ್ರಿ," ಅಂದಳು. "ಇಬ್ರೂ ಕೇಳೋಣ."

ಅವನು ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದ. "ತುಳಸಿ."

"ನಾಳಿ ಭಾನುವಾರ. ಕಂಪ್ಲಿಗೆ ಬರ್ರಿ. ಅವ್ವ ಮನ್ಯಾಗ ಇರ್ತಾಳ."

"ಅವ್ವನ್ನ ಕೇಳಿದ್ಯಾ?"

"ಇಲ್ಲ. ಕೇಳಂಗಿಲ್ಲ," ಅಂದಳು ತುಳಸಿ. "ಹೇಳ್ತೀನಿ."