ರಾಕೆಟ್ಟಿನ ಹುಡುಗನಿಗೆ ಅವ್ವ ಎಲ್ಲಿ?

"ಏನ್ರೀ! ಆ ಹುಡುಗನ ಅವ್ವನ್ನ ಎಲ್ಲಿ ಕತ್ತರಿಸಿ ಒಗದ್ರಿ?"

ಹೆಂಗಸರ ಕಡೆಯಿಂದ ಬಂದ ಆ ದನಿಗೆ ಗುಡಗೇರಿಯ ಟೆಂಟ್ ಟಾಕೀಸೇ ತಿರುಗಿ ನೋಡಿತು!

ಮೈಕು ಹಿಡಿದು ನಿಂತಿದ್ದ ಮಡಿವಾಳೆಪ್ಪ ತಬ್ಬಿಬ್ಬಾದ. ಸಂತೆಯ ದಿನ ದೊಡ್ಡ ಸಿನಿಮಾಕ್ಕೆ ಮೊದಲು ಒಂದು ರೀಲು ಕಾರ್ಟೂನು ತೋರಿಸುವುದು ಅವನ ಟೆಂಟಿನ ರೂಢಿ. ರಾಕೆಟ್ಟಿನಲ್ಲಿ ಗ್ರಹದಿಂದ ಗ್ರಹಕ್ಕೆ ಹಾರುವ ಒಬ್ಬ ಹುಡುಗ, ಅವನ ಅಪ್ಪ, ಒಂದು ಮಾತಾಡುವ ಯಂತ್ರ. ವಾರಕ್ಕೊಂದು ಕಥೆ. ಪರದೇಶದ ಆ ಭಾಷೆ ಊರಲ್ಲಿ ಯಾರಿಗೂ ತಿಳಿಯದು. ಪರದೆಯ ಬಾಜು ನಿಂತು ಕನ್ನಡದಲ್ಲಿ ಹೇಳುವವನು ಮಡಿವಾಳೆಪ್ಪನೇ.

"ಈ ಕಥಿಯೊಳಗ ಅವ್ವ ಇಲ್ರಿ," ಎಂದ ಒರಟಾಗಿ. "ಅಕಿ ಇಲ್ಲದನ ನಡೀತೈತಿ."

ಇಲ್ಲದೇ ನಡೆಯುತ್ತದೆಯಂತೆ! ಕೂಗಿ ಕೇಳಿದ್ದ ನೀಲಕ್ಕನ ಎದೆ ಧಗ್ಗೆಂದಿತು.

ಆ ಮಾತು ಆಕೆಗೆ ಎಲ್ಲಿ ತಾಗಿತೆಂದು ಅವನಿಗೇನು ಗೊತ್ತು, ಪಾಪ! ಅವ್ವ ಸತ್ತಾಗ ನೀಲಕ್ಕ ಇನ್ನೂ ಲಂಗದ ಹುಡುಗಿ. ತಮ್ಮಂದಿರಿಗೆ ರೊಟ್ಟಿ ಬಡಿದು, ತಂಗಿಗೆ ಹೆರಳು ಹಾಕಿ, ಎಲ್ಲರ ಮದುವೆ ಮುಗಿಸುವಷ್ಟರಲ್ಲಿ ಅವಳ ವಯಸ್ಸು ದಾಟಿತ್ತು. ಈಗ ಹಗಲೆಲ್ಲ ವ್ಯಾಪಾರಿಯ ಅಂಗಳದಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿ. ಸಂಜೆಗೆ ಉರಿಯುವ ಕೈ, ನೋಯುವ ಸೊಂಟ... ಮನೆಗೆ ಬಂದರೆ "ಅಡಗಿ ಆತೇನು?" ಎಂದು ಕೇಳುವವರೇ ಎಲ್ಲರೂ.

ಮರುದಿನವೇ ಅವಳ ಚಿಕ್ಕಮ್ಮ ಸಾವಕ್ಕ ಓಡಿಬಂದಳು.

"ನೀಲಾ, ಟೆಂಟಿನ ಮಡಿವಾಳೆಪ್ಪ ನಿನ್ನ ಕೇಳ್ಯಾನ! ಹೆಂಡ್ತಿ ಸತ್ತ ಎರಡ ವರ್ಷಾತು. ಒಂದ ಹೆಣ್ಣಕೂಸು ಐತಿ."

"ಆಂವಾ? ನಿನ್ನೆ ಮಂದಿ ಮುಂದ ಜಗಳಾ ತಗದೇನಿ ನಾ!"

"ಅದನ್ನ ಕೇಳೇ ಕಳಿಸ್ಯಾನ ಬೇ!"

ನೀಲಕ್ಕನಿಗೆ ನಗು ಬರಲಿಲ್ಲ. "ಒಲ್ಲೆ ಚಿಗವ್ವಾ. ಆಟ ಲಗೂನ ಮುಗೀಲಿ ಅಂತ ಟೆಂಟಿನವ್ರು ಹಾಡ ಕತ್ತರಸತಾರ, ಇಂವಾ ಅವ್ವನ್ನ ಕತ್ತರಿಸ್ಯಾನ. ಹೆಂಡ್ತಿ ಫೋಟೋನೂ ಗೋಡಿಯಿಂದ ತಗದಾನಂತ. ನಾಳೆ ನನ್ನೂ ಹಂಗ ತಗೀತಾನ. ದಣದೇನಿ ನಾ... ಇನ್ನೊಂದ ಮನಿಗೆ ಪುಕ್ಕಟ ದುಡಿಯಾಕ ಆಗೂದಿಲ್ಲ."

ಸುಮ್ಮನಿರುವ ಗಂಡಸೇ ಅವನು? ಸಾವಕ್ಕನಿಂದ ಆ ಮಾತೆಲ್ಲ ಕೇಳಿ, ಎರಡು ದಿನ ಬಿಟ್ಟು, ರೀಲಿನ ಡಬ್ಬಿಗಳನ್ನು ಹೊತ್ತು, ಮಗಳು ಸುಶೀಲಿಯ ಕೈ ಹಿಡಿದು, ನಡುಮಧ್ಯಾಹ್ನ ಮೆಣಸಿನಕಾಯಿ ಅಂಗಳಕ್ಕೇ ಬಂದುಬಿಟ್ಟ. ಘಾಟಿಗೆ ಕೆಮ್ಮು ಬಂದು ಮಾತೇ ಹೊರಡದು!

"ಎಲ್ಲಾ... ಎಲ್ಲಾ ರೀಲೂ ತಂದೇನ್ರಿ. ಒಂದ ಚೂರೂ ಕತ್ತರಿಸಿಲ್ಲ. ನೋಡ್ರಿ."

ಫಿಲ್ಮನ್ನು ಬಿಸಿಲಿಗೆ ಹಿಡಿದ. ನೀಲಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ಹುಡುಗ. ಅಪ್ಪ. ಯಂತ್ರ. ನಕ್ಷತ್ರಗಳು. ಹುಡುಗ ಏಳುತ್ತಾನೆ, ಹಾರುತ್ತಾನೆ, ಬಂದು ಮಲಗುತ್ತಾನೆ. ಅವನ ತಲೆ ನೇವರಿಸುವ ಒಂದು ಕೈ ಯಾವ ಚಿತ್ರದಲ್ಲೂ ಇರಲಿಲ್ಲ.

'ಚಂದ್ರನನ್ನೂ ದಾಟಿ ಹೋದ ಜಾಣರಿಗೆ ಒಬ್ಬ ಅವ್ವನನ್ನು ಬರೆಯಲು ಬೇಸರವಾಯಿತೇ...' ಅವಳ ಕೋಪ ದಿಕ್ಕು ಬದಲಿಸಿತು.

"ಮೊದಲ ಕೇಳಿದಾಕಿ ಇಕಿ," ಮಡಿವಾಳೆಪ್ಪ ಮಗಳತ್ತ ನೋಡಿದ. "'ಅವನ ಅವ್ವಾನೂ ಸತ್ತಾಳೇನಪ್ಪಾ' ಅಂದ್ಳು. ನಾನೂ ಡಬ್ಬಿಯೆಲ್ಲಾ ಹುಡಕಿದೆ. ಕೂಸು ಅಳತೈತಿ ಅಂತ ಫೋಟೋ ತಗದಿಟ್ಟೆ. ಅವ್ವ ಇಲ್ಲದನ ನಡೀತೈತಿ ಅಂತ ಅಕಿಗೆ ಹೇಳಿ ಹೇಳಿ, ಮೈಕಿನ್ಯಾಗೂ ಅದ ಬಂತು." ಅವನ ದನಿ ಇಳಿಯಿತು. "ನಡಿಯೂದಿಲ್ರಿ... ನನಗೂ ಸಾಕಾಗೇತಿ."

ಅಯ್ಯೋ... ತನ್ನಷ್ಟೇ ದಣಿದ ಮುಖ!

ನೀಲಕ್ಕ ಸುಶೀಲಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕೆನ್ನೆ ಮುಟ್ಟಬೇಕೆನಿಸಿತು. ಖಾರದ ಕೈ, ಮುಟ್ಟಲಿಲ್ಲ.

"ಅವನ ಅವ್ವ ಅದಾಳ ಕೂಸ. ಒಳಗ ಅಡಗಿಮನ್ಯಾಗ ಅದಾಳ, ಅದಕ್ಕ ಕಾಣೂದಿಲ್ಲ. ಬರೂ ಸಂತಿಗೆ ಅಕಿ ದನಿ ಕೇಳಸ್ತೈತಿ."

"ಯಾರ ದನಿರಿ?" ಮಡಿವಾಳೆಪ್ಪ ಬೆರಗಾಗಿ ಕೇಳಿದ.

"ನಂದು! ದನಿ ಅಷ್ಟ ಮತ್ತ. ಲಗ್ನದ ಮಾತ ಎತ್ತಬ್ಯಾಡ್ರಿ."

ಮುಂದಿನ ಸಂತೆಯ ದಿನ ನೀಲಕ್ಕ ಅಂಗಳದಿಂದ ನೇರವಾಗಿ ಟೆಂಟಿಗೆ ಬಂದಳು. ಪರದೆಯ ಹಿಂದೆ ಮೈಕು ಹಿಡಿದು ನಿಂತಳು. ಹುಡುಗ ರಾಕೆಟ್ಟಿನ ಮೆಟ್ಟಿಲು ಹತ್ತಿದ.

"ಏ ತಮ್ಮಾ, ನಿಂದರ! ಉಂಡಿಯೇನು? ಬುತ್ತಿ ಕಟ್ಟೇನಿ, ಒಯ್ಯಿ!"

ಟೆಂಟು ಗೊಳ್ಳೆಂದು ನಕ್ಕಿತು. ಹುಡುಗ ಹಾರಿಹೋದ. "ಹುಷಾರ ಮಗನ... ಲಗೂನ ಬಾ..." ಈ ಸಲ ಯಾರೂ ನಗಲಿಲ್ಲ. ಹೆಂಗಸರ ಕಡೆ ಯಾರೋ ಮೂಗು ಸೀಟಿದರು.

"ಅವ್ವ ಅದಾಳ! ಒಳಗ ಅದಾಳ!" ಸುಶೀಲಿ ಚಪ್ಪಾಳೆ ತಟ್ಟಿದಳು.

ದೊಡ್ಡ ಸಿನಿಮಾ ಶುರುವಾಯಿತು. ಟೆಂಟಿನ ಹಿಂದೆ ನೀಲಕ್ಕ ಹೊರಟು ನಿಂತಾಗ ಮಡಿವಾಳೆಪ್ಪ ಅಡ್ಡ ಬಂದ. ಕೈಯಲ್ಲಿ ಒಂದು ಗಂಟು.

"ಕೂಸಿಗೆ ಅವ್ವ ಬೇಕು ಅಂತ ಕೇಳಾಕ ಬಂದಿಲ್ರಿ."

"ಮತ್ತ?"

"ನೀವು... ಉಂಡ್ರೇನು?"

ನೀಲಕ್ಕ ನಿಂತಲ್ಲೇ ನಿಂತಳು. ಅವ್ವ ಸತ್ತ ಮೇಲೆ ಈ ಮಾತನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಯಾರೆಂದರೆ ಯಾರೂ! ಕಣ್ಣು ತುಂಬಿ ಬಂತು. ಒರೆಸಲು ಕೈ ಎತ್ತಿದಳು.

"ಕೈ ಹಚ್ಚಬ್ಯಾಡ್ರಿ, ಖಾರ ಐತಿ!" ಅವನು ತನ್ನ ಟವೆಲು ನೀರಿಗೆ ಅದ್ದಿ ಚಾಚಿದ. "ರೊಟ್ಟಿ ನಾನ ಬಡದೇನಿ. ಸೊಟ್ಟ ಆಗ್ಯಾವ, ನಗಬ್ಯಾಡ್ರಿ."

"ದಿನಾ ಕೇಳತೀರೇನು... ಉಂಡೇನಂತ?"

"ದಿನಾ ಕೇಳತೇನಿ."

ಒದ್ದೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡೇ ಅವಳು ಹೇಳಿದಳು, "ಹಂಗಾರ ಮೊದಲ ಆ ಫೋಟೋ ಗೋಡಿಗೆ ಹಾಕ್ರಿ. ಆಮ್ಯಾಲ ಸಾವಕ್ಕ ಚಿಗವ್ವನ್ನ ಕಳಸ್ರಿ."

"ಹಾಕತೇನಿ," ಎಂದ ಅವನು, ಗಂಟು ಬಿಚ್ಚುತ್ತ. "ಮೊದಲ ಉಣ್ರಿ."